ತಟ್ಟೆಯ ಅಂಚಿನ ಬಟಾಣಿ

ತಾರೀಖು 2, ಸೋಮವಾರ

ಈ ಪುಸ್ತಕ ತೆರೆದು ಓದುತ್ತಿರುವವರು ಯಾರೇ ಆಗಿರಲಿ, ಮೊದಲು ಕೆಳಗಿಡಿ. ನಾಚಿಕೆ ಅನ್ನುವುದು ಇದೆಯೋ ಇಲ್ಲವೋ? ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದನ್ನು ಎಳೆದು ಓದುವುದಕ್ಕೂ ಇನ್ನೊಬ್ಬರ ಜೇಬಿಗೆ ಕೈ ಹಾಕುವುದಕ್ಕೂ ಏನು ವ್ಯತ್ಯಾಸ? ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ತಪ್ಪಿದ್ದರೆ ನಗಬೇಡಿ. ನಿಮ್ಮನ್ನು ಯಾರೂ ಕರೆದಿಲ್ಲ.

ಯಾರೂ ಓದುತ್ತಿಲ್ಲವಾದರೆ ಸಂತೋಷ. ಈಗ ನನ್ನ ವಿಷಯ.

ಇವತ್ತು ಆಸ್ಪತ್ರೆಯಲ್ಲಿ ಮೊಮ್ಮಗಳನ್ನು ತೂಗಿದರು. ಹತ್ತು ಕಿಲೋ ಇನ್ನೂರು ಗ್ರಾಂ. ಮೂರು ತಿಂಗಳ ಹಿಂದೆಯೂ ಅಷ್ಟೇ ಇತ್ತು. ಎರಡೂವರೆ ವರ್ಷದ ಕೂಸು. ಸಿಹಿ ಕಂಡಲ್ಲಿ ಮುತ್ತುತ್ತದೆ ಎಂದು ನಾನೇ ಅದಕ್ಕೆ ಇರುವೆ ಎಂದು ಹೆಸರಿಟ್ಟೆ. ಈಗ ನೋಡಿದರೆ ತೂಕವೂ ಇರುವೆಯದೇ.

"ತರಕಾರಿ ತಿನ್ನುತ್ತಾ ಅಜ್ಜಿ?" ಎಂದು ನರ್ಸ್ ಕೇಳಿದಳು.

"ಮೂವತ್ತು ವರ್ಷ ತರಕಾರಿ ಅಂಗಡಿ ಇಟ್ಟವಳ ಮೊಮ್ಮಗಳು ಕಣಮ್ಮ ಇದು. ಬೀನ್ಸ್ ಕಂಡರೆ ಪೊಲೀಸರನ್ನ ಕಂಡ ಹಾಗೆ ಓಡುತ್ತೆ."

ನರ್ಸ್ ನಕ್ಕಳು. ಸೊಸೆ ನಗಲಿಲ್ಲ. ಅವಳು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಮಾತನ್ನೂ ಕತ್ತರಿಸಿಯೇ ಆಡುತ್ತಾಳೆ. ಈ ಪುಸ್ತಕದಲ್ಲಿ ಅವಳ ಹೆಸರು ಕತ್ತರಿ.

ಬಸ್ಸಿನಲ್ಲಿ ಬರುವಾಗ ಕತ್ತರಿ ಹೇಳಿದಳು, "ತಿಂಗಳ ಕೊನೇಲಿ ಮತ್ತೆ ತೂಗ್ತಾರೆ. ಆಗಲೂ ಏರದಿದ್ರೆ ಬೇಬಿ ಸಿಟ್ಟಿಂಗ್‌ಗೆ ಹಾಕೋಣ ಅತ್ತೆ. ಅಲ್ಲಿ ಹನ್ನೆರಡು ಮಕ್ಕಳು ಒಟ್ಟಿಗೆ ಕೂತು ಉಣ್ತಾವೆ."

ಮಗುವನ್ನು ಅಲ್ಲಿಗೆ ಹಾಕಿದರೆ ನನ್ನನ್ನು ಎಲ್ಲಿಗೆ ಹಾಕುತ್ತಾರೆ ಎಂದು ಅವಳು ಹೇಳಲಿಲ್ಲ. ಮಗು ನೋಡಿಕೊಳ್ಳುವುದಕ್ಕೆಂದೇ ನನ್ನನ್ನು ಈ ಮನೆಗೆ ಕರೆಸಿದ್ದು. ಮಗುವೇ ಬೇರೆ ಕಡೆ ಹೋದರೆ ನಾನಿಲ್ಲಿ ಬಾಗಿಲಿಗೆ ಚಿಲಕವೇ? ಇದರ ಹಿಂದೆ ಏನೋ ಇದೆ. ಬೇಬಿ ಸಿಟ್ಟಿಂಗಿನ ಕಾಗದ ಅವಳ ಚೀಲದಲ್ಲಿ ಮೊದಲೇ ಇತ್ತು. ನಾನು ಚೀಲ ತೆರೆದು ನೋಡಲಿಲ್ಲ. ಅದು ತೆರೆದೇ ಇತ್ತು.

ತಾರೀಖು 3, ಮಂಗಳವಾರ

ಮಗ ಬೆಳಿಗ್ಗೆ ಏಳಕ್ಕೆ ಲಿಫ್ಟ್ ರಿಪೇರಿಗೆ ಹೋಗುತ್ತಾನೆ, ಕತ್ತರಿ ಒಂಬತ್ತಕ್ಕೆ ಅಂಗಡಿಗೆ. ಆಮೇಲೆ ಮನೆಯಲ್ಲಿ ನಾನು, ಇರುವೆ, ಮತ್ತು ಸದ್ದು ಮಾಡುವ ಫ್ರಿಜ್ಜು.

ಮಧ್ಯಾಹ್ನ ಕ್ಯಾರೆಟ್, ಬೀನ್ಸ್, ಬಟಾಣಿ ಬೇಯಿಸಿದೆ. ಬೆರಳಲ್ಲಿ ಒತ್ತಿದರೆ ಕರಗಬೇಕು, ಹಾಗೆ. ಮೇಜಿನ ಮುಂದೆ ಎದುರುಬದುರು ಕೂತೆವು, ಅದರದು ಪುಟ್ಟ ತಟ್ಟೆ, ನನ್ನದು ದೊಡ್ಡದು.

ಇವತ್ತು ಕಣ್ಣಿಟ್ಟು ನೋಡಿದೆ. ಇರುವೆ ಬಟಾಣಿಯನ್ನು ಬಾಯಿಗೆ ಹಾಕುತ್ತದೆ. ಎಡ ದವಡೆಗೆ ತಳ್ಳುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಬಾಯಿ ಆಡಿಸುತ್ತದೆ. ಆಮೇಲೆ ಅಂಗೈ ಅಡ್ಡ ಹಿಡಿದು, ನಾಲಿಗೆಯಿಂದ ಹೊರಗೆ ತಂದು, ತೋರುಬೆರಳಿನಿಂದ ತಟ್ಟೆಯ ಅಂಚಿಗೆ ಇಡುತ್ತದೆ. ಒಂದರ ಪಕ್ಕ ಒಂದು, ಸಾಲಾಗಿ. ಕೊನೆಗೆ "ಸಾಕಪ್ಪಾ ಸಾಕು" ಎಂದು ಎದ್ದು ಹೋಗುತ್ತದೆ.

ಎರಡೂವರೆ ವರ್ಷದ ಮಗುವಿಗೆ ಇದು ತಾನಾಗಿ ಬರುವ ವಿದ್ಯೆಯಲ್ಲ. ಯಾರೋ ಕೂತು ಕಲಿಸಿದ್ದಾರೆ. ತೂಕ ಏರಬಾರದು ಎಂದು ಯಾರಿಗೆ ಬೇಕಾಗಿದೆ? ಯಾರ ಚೀಲದಲ್ಲಿ ಕಾಗದ ಇದೆ?

ನಾನು ಹೆಸರು ಹೇಳುವುದಿಲ್ಲ. ಅದು ಕತ್ತರಿ.

ತಾರೀಖು 4, ಬುಧವಾರ

ಸೋಫಾದ ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಸಿಕ್ಕಿತು. ನಾನು ಈ ಮನೆಗೆ ಬಿಸ್ಕತ್ತು ತರುವುದಿಲ್ಲ. ಪುಡಿಯನ್ನು ಕಾಗದದಲ್ಲಿ ಕಟ್ಟಿ ಇಟ್ಟಿದ್ದೇನೆ.

ತಾರೀಖು 6, ಶುಕ್ರವಾರ

ಬಿಸ್ಕತ್ತಿನ ಕಳ್ಳ ಸಿಕ್ಕಿದ. ಮಗನೇ. ಸಂಜೆ ಬಂದವನೇ ಸ್ಪ್ಯಾನರ್ ಇಡುವ ಬ್ಯಾಗಿನಿಂದ ತೆಗೆದು ಕೂಸಿನ ಕೈಗೆ ತುರುಕುತ್ತಿದ್ದ.

"ಏನೋ ಇದು?"

"ಒಂದೇ ಒಂದು ಅಮ್ಮ. ನಾನು ಬಂದಾಗ ಓಡಿ ಬರಲಿ ಅಂತ."

"ಓಡಿ ಬರೋದು ನಿನ್ನ ನೋಡಿ ಅಲ್ಲ ಕಣೋ, ಬ್ಯಾಗ್ ನೋಡಿ. ನಾಳೆ ಬ್ಯಾಗನ್ನ ಬಾಗಿಲಲ್ಲಿ ಬಿಟ್ಟು ನೀನೊಬ್ಬನೇ ಒಳಗೆ ಬಾ, ನೋಡೋಣ ಎಷ್ಟು ಓಡುತ್ತೆ ಅಂತ."

ಅವನ ಮುಖ ಸಣ್ಣದಾಯಿತು. ಪಾಪ ಅನ್ನಿಸಿತು. ಆದರೆ ಹೇಳಿದ್ದು ಸರಿ.

ಒಂದು ವಿಷಯ ಬರೆದಿಡಬೇಕು, ಎಲ್ಲೂ ಹೇಳಿಕೊಳ್ಳುವ ಹಾಗಿಲ್ಲ. ನನ್ನ ಕೆಳಗಿನ ಹಲ್ಲಿನ ಸೆಟ್ಟು ನಾಲ್ಕು ತಿಂಗಳ ಹಿಂದೆ ಸಿಂಕಿಗೆ ಬಿದ್ದು ಎರಡು ತುಂಡಾಯಿತು. ಗುಂಡಿ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಮೇಲಿನದಿರುವುದರಿಂದ ಅಂಗೈ ಅಡ್ಡ ಹಿಡಿದು ನಕ್ಕರೆ ಗೊತ್ತಾಗುವುದಿಲ್ಲ, ನಾನು ನಗುವುದೂ ಕಡಿಮೆ. ಹೋದ ವರ್ಷ ಹಾಲು ಒಲೆಯ ಮೇಲೆ ಮರೆತಾಗಲೇ ಮಗ "ಅಮ್ಮಂಗೆ ವಯಸ್ಸಾಯ್ತು" ಎಂದಿದ್ದ. ಹಲ್ಲು ಮುರಿದದ್ದೂ ಗೊತ್ತಾದರೆ, ಇವಳ ಕೈಗೆ ಮಗು ಕೊಡುವುದು ಹೇಗೆ ಅನ್ನುತ್ತಾರೆ. ಆದ್ದರಿಂದ ಯಾರೂ ಕೇಳಬಾರದೆಂದು ನನ್ನ ತಟ್ಟೆಗೂ ಎಲ್ಲ ಬಡಿಸಿಕೊಳ್ಳುತ್ತೇನೆ. ಬಾಯಿಗೆ ಹಾಕಿ, ಅಗಿಯಲಾಗದ್ದನ್ನು ತಟ್ಟೆಯ ಅಂಚಿಗೆ ಇಡುತ್ತೇನೆ. ಆಮೇಲೆ ಬಾಲ್ಕನಿಯ ಹೂವಿನ ಕುಂಡಕ್ಕೆ. ಹಾಲಲ್ಲಿ ಬ್ರೆಡ್ಡು ಅದ್ದಿ ತಿಂದರೆ ನನಗೆ ಸಾಕಪ್ಪಾ ಸಾಕು.

ಇದಕ್ಕೂ ಇರುವೆಯ ಊಟಕ್ಕೂ ಸಂಬಂಧವಿಲ್ಲ. ಸುಮ್ಮನೆ ಬರೆದೆ.

ತಾರೀಖು 9, ಸೋಮವಾರ

ಎರಡು ಸಂಗತಿ. ಎರಡೂ ಕೆಟ್ಟವು.

ಒಂದು: ಹೂವಿನ ಕುಂಡದಲ್ಲಿ ನಾನು ಹಾಕದ ಬಟಾಣಿ ಇತ್ತು. ಬುಡದ ಸುತ್ತ ಪುಟ್ಟ ಬೆರಳಿನಿಂದ ಒತ್ತಿದ ಹಾಗೆ ಒಂಬತ್ತು ಬಟಾಣಿ, ಅರ್ಧ ಬೀನ್ಸ್. ನಾನು ಹಾಕುವಾಗ ಮಣ್ಣು ಮುಚ್ಚುತ್ತೇನೆ. ಇದು ಬೇರೆಯವರ ಕೈ. ಕತ್ತರಿ ಬೆಳಿಗ್ಗೆ ಕುಂಡಕ್ಕೆ ನೀರು ಹಾಕುತ್ತಾಳೆ. ಮಗುವಿನ ಪಾಲನ್ನು ಅವಳೇ ಅಲ್ಲಿ ಹೂಳುತ್ತಿದ್ದಾಳೆಯೇ? ಅವಳ ಬೆರಳು ಅಷ್ಟು ಪುಟ್ಟದೇನಲ್ಲ. ಆದರೂ.

ಎರಡು: ಈ ಪುಸ್ತಕದ ರಟ್ಟಿನ ಮೇಲೆ ನೀಲಿ ಗುರುತಿದೆ. ಬಟ್ಟೆಯ ಮೇಲೆ ಗೆರೆ ಎಳೆಯುವ ಚಾಕ್‌ಪೀಸಿನ ಬಣ್ಣ. ಈ ಮನೆಯಲ್ಲಿ ಬೆರಳಿಗೆ ಆ ಬಣ್ಣ ಮೆತ್ತಿಕೊಂಡು ಬರುವವರು ಒಬ್ಬರೇ.

ಪುಸ್ತಕವನ್ನು ಅಕ್ಕಿ ಡಬ್ಬಿಯ ಹಿಂದಿನಿಂದ ನನ್ನ ಹಾಸಿಗೆಯ ಕೆಳಕ್ಕೆ ಸಾಗಿಸಿದ್ದೇನೆ.

ತಾರೀಖು 10, ಮಂಗಳವಾರ

ಪಾಲಕ್. ಉಗಿಯಿತು.

ತಾರೀಖು 12, ಗುರುವಾರ

ನಿನ್ನೆ ಮಲಗಿದಾಗ ಹೊಳೆಯಿತು: ನಾವೆಲ್ಲ ಮಗುವನ್ನು ಅನುಮಾನಿಸುತ್ತೇವೆ, ತಕ್ಕಡಿಯನ್ನು ಯಾರಾದರೂ ಅನುಮಾನಿಸಿದ್ದಾರೆಯೇ? ತಕ್ಕಡಿಗಳ ಬುದ್ಧಿ ನನಗೆ ಗೊತ್ತು. ಪಕ್ಕದ ಅಂಗಡಿಯವನು ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನು.

ಟ್ರಂಕಿನಿಂದ ನನ್ನ ಹಳೆಯ ಕಬ್ಬಿಣದ ತೂಕದ ಕಲ್ಲುಗಳನ್ನು ತೆಗೆದೆ. ಎರಡು ಕಿಲೋದು ಒಂದು, ಒಂದು ಕಿಲೋದು ಒಂದು. ಕೈಚೀಲದಲ್ಲಿ ಹಾಕಿಕೊಂಡು, ಇರುವೆಯನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟೆ. ಕತ್ತರಿಗೆ ಇವತ್ತು ಅರ್ಧ ದಿನ ರಜೆ. ಏನೂ ಕೇಳದೆ ಅವಳೂ ಬಂದಳು. ಕಾವಲಿಗೆ.

ನರ್ಸಿನ ಮುಂದೆ ಕಲ್ಲನ್ನು ತಕ್ಕಡಿಯ ಮೇಲಿಟ್ಟೆ.

"ಏನಜ್ಜಿ ಇದು?"

"ನಿಮ್ಮ ತಕ್ಕಡಿಗೆ ಪರೀಕ್ಷೆ. ನಮ್ಮ ಮಗೂಗೆ ನೀವು ಮಾಡ್ತೀರಲ್ಲ, ಹಾಗೆ."

ಎರಡು ಕಿಲೋ ಇಟ್ಟರೆ ಎರಡು ತೋರಿಸಿತು. ಒಂದನ್ನೂ ಸೇರಿಸಿದೆ, ಮೂರು. ಗ್ರಾಂ ಕೂಡ ಆಚೀಚೆ ಇಲ್ಲ. ಹಿಂದೆ ಸಾಲಿನಲ್ಲಿದ್ದವರೆಲ್ಲ ನಗುತ್ತಿದ್ದರು. ಪ್ರಾಮಾಣಿಕವಾದ ತಕ್ಕಡಿ. ನನಗೆ ಅಷ್ಟೇನೂ ಸಂತೋಷವಾಗಲಿಲ್ಲ.

"ಈಗ ನೀವೂ ಹತ್ತಿ ಅಜ್ಜಿ," ಎಂದಳು ನರ್ಸ್. "ನಮ್ಮ ತಕ್ಕಡಿ ಮೇಲೆ ನಂಬಿಕೆ ಬಂತಲ್ಲ."

ಹತ್ತಿದೆ. ನಲವತ್ತೆಂಟು. ನರ್ಸ್ ಕಂಪ್ಯೂಟರಿನಲ್ಲಿ ನನ್ನ ಹಳೆಯ ಚೀಟಿ ಹುಡುಕಿದಳು. ಹೋದ ಚಳಿಗಾಲದಲ್ಲಿ ಕೆಮ್ಮೆಂದು ಬಂದಾಗ ಐವತ್ತನಾಲ್ಕು ಇದ್ದೆನಂತೆ.

"ಆರು ಕಿಲೋ ಎಲ್ಲಿ ಹೋಯ್ತು ಅಜ್ಜಿ?"

"ಕೆಮ್ಮಿನ ಜೊತೆ ಹೋಗಿರಬೇಕು," ಎಂದೆ.

ಕತ್ತರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಬಾಯಿಯನ್ನು. ವಾಪಸು ಬರುವಾಗ ಕಬ್ಬಿಣದ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಹೊತ್ತಳು. ನಾನು ಕೊಡಲಿಲ್ಲ, ಕಿತ್ತುಕೊಂಡಳು. ಮಾತಾಡದವರ ತಲೆಯಲ್ಲಿ ಏನು ನಡೆಯುತ್ತಿದೆ ಎಂದು ಯಾವ ತಕ್ಕಡಿಗೂ ತಿಳಿಯುವುದಿಲ್ಲ.

ತಾರೀಖು 14, ಶನಿವಾರ

ಇವತ್ತು ಪುಸ್ತಕ ತೆರೆದರೆ ಒಳಗೆ ಗೆರೆ ಎಳೆದಿದ್ದಾರೆ. ನೀಲಿ ಚಾಕ್‌ಪೀಸಿನಲ್ಲಿ, ಅಳತೆಪಟ್ಟಿ ಇಟ್ಟ ಹಾಗೆ ನೇರ.

ಎರಡು ಕಡೆ. ಮೂರನೇ ತಾರೀಖಿನಲ್ಲಿ, ಇರುವೆ ಬಟಾಣಿಯನ್ನು "ತಟ್ಟೆಯ ಅಂಚಿಗೆ ಇಡುತ್ತದೆ" ಎಂದು ಬರೆದ ಕಡೆ ಒಂದು. ಆರನೇ ತಾರೀಖಿನಲ್ಲಿ, ನಾನು "ತಟ್ಟೆಯ ಅಂಚಿಗೆ ಇಡುತ್ತೇನೆ" ಎಂದು ಬರೆದ ಕಡೆ ಇನ್ನೊಂದು.

ಶಾಲೆಯಲ್ಲಿ ಮೇಷ್ಟ್ರು ತಪ್ಪಿದ್ದಲ್ಲಿ ಗೆರೆ ಎಳೆಯುತ್ತಿದ್ದರು. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದೆ. ತಪ್ಪೇನೂ ಇಲ್ಲ.

ಹೊಲಿಗೆಯವರು ಚಾಕ್‌ಪೀಸಿನಲ್ಲಿ ಗೆರೆ ಎಳೆಯುವುದು ಯಾತಕ್ಕೆ ಎಂದು ನನಗೆ ಗೊತ್ತಿಲ್ಲವೇ? ಕತ್ತರಿಸುವುದಕ್ಕೆ ಮೊದಲು. ನನ್ನನ್ನು ಎಲ್ಲಿಂದ ಕತ್ತರಿಸಬೇಕೆಂದು ಗುರುತು ಹಾಕಿಕೊಂಡಿದ್ದಾಳೆ. ಹಲ್ಲಿನ ವಿಷಯ ಇವತ್ತು ಮಗನಿಗೆ ಹೇಳುತ್ತಾಳೆ. ತಿಂಗಳ ಕೊನೆಗೆ ಕೂಸು ಬೇಬಿ ಸಿಟ್ಟಿಂಗಿಗೆ, ಮುದುಕಿ ಮೂಲೆಗೆ.

ಊಟ ಸೇರಲಿಲ್ಲ. ಸೇರುತ್ತಿದ್ದುದಾದರೂ ಏನು.

ತಾರೀಖು 15, ಭಾನುವಾರ

ಹೇಳಿಲ್ಲ. ಮಗ ಎಂದಿನಂತೆ ಟೀವಿಯ ಮುಂದೆ ಗೊರಕೆ ಹೊಡೆದ. ಯಾಕೆ ಹೇಳಿಲ್ಲ? ಯಾವುದೋ ದೊಡ್ಡ ಹೊತ್ತಿಗೆ ಕಾಯುತ್ತಿದ್ದಾಳೆ.

ತಾರೀಖು 16, ಸೋಮವಾರ

ಬೆಳಿಗ್ಗೆ ಕತ್ತರಿ, "ಅತ್ತೆ, ಚಪ್ಪಲಿ ಹಾಕ್ಕೊಳ್ಳಿ. ಗುಂಡಿ ಡಬ್ಬಿ ತಗೊಳ್ಳಿ," ಎಂದಳು.

ಗುಂಡಿ ಡಬ್ಬಿ. ನಾನು ಸುಮ್ಮನೆ ತೆಗೆದುಕೊಂಡು ಹೊರಟೆ. ಇರುವೆ ನಮ್ಮಿಬ್ಬರ ನಡುವೆ ಜೋತಾಡುತ್ತಾ ಬಂತು.

ಕರೆದುಕೊಂಡು ಹೋದದ್ದು ಹಲ್ಲಿನ ಡಾಕ್ಟರ ಹತ್ತಿರ. ಕುರ್ಚಿ ಹಿಂದಕ್ಕೆ ಬಾಗಿತು. ಡಾಕ್ಟರು ಎರಡು ತುಂಡನ್ನೂ ಬೆಳಕಿಗೆ ಹಿಡಿದರು.

"ಯಾವಾಗ ಮುರೀತು ಅಜ್ಜಿ?"

"ನಿನ್ನೆ," ಎಂದೆ.

"ನಾಲ್ಕು ತಿಂಗಳಾಯ್ತು ಡಾಕ್ಟ್ರೆ," ಎಂದಳು ಕತ್ತರಿ.

ಸಿಕ್ಕಿಬಿದ್ದಳು. ನಾಲ್ಕು ತಿಂಗಳು ಎನ್ನುವುದು ನನಗೆ ಮತ್ತು ಈ ಪುಸ್ತಕಕ್ಕೆ ಮಾತ್ರ ಗೊತ್ತು. ಎದ್ದು ಕೂತು ನಾಲ್ಕು ಮಾತು ಆಡೋಣವೆಂದರೆ ಅಷ್ಟರಲ್ಲಿ ಡಾಕ್ಟರು ನನ್ನ ಬಾಯಿಗೆ ಅಚ್ಚು ತೆಗೆಯುವ ಅಂಟನ್ನು ತುಂಬಿದರು. ಐದು ನಿಮಿಷ ಅಲುಗಾಡಬೇಡಿ ಎಂದರು. ಹುಟ್ಟಿದಾಗಿನಿಂದ ನಾನು ಐದು ನಿಮಿಷ ಬಾಯಿ ಬಿಟ್ಟುಕೊಂಡು ಸುಮ್ಮನಿದ್ದದ್ದು ಇದೇ ಮೊದಲು. ಆ ಐದು ನಿಮಿಷದಲ್ಲೇ ಕತ್ತರಿ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದಳು:

"ಅವರಿಗೆ ಹೇಳಿಲ್ಲ ಅತ್ತೆ. ಹೇಳಲ್ಲ."

ಉತ್ತರ ಕೊಡಲಾಗದ ಹೊತ್ತು ನೋಡಿ ಹೇಳಿದ್ದಾಳೆ. ಚಾಲಾಕಿ.

ಹೊಸ ಸೆಟ್ಟು ಒಂದು ವಾರಕ್ಕೆ ಬರುತ್ತದಂತೆ.

ತಾರೀಖು 17, ಮಂಗಳವಾರ

ಮಧ್ಯಾಹ್ನ ಒಂದಕ್ಕೆ ಬಾಗಿಲ ಗಂಟೆ. ಕತ್ತರಿ. ಅಂಗಡಿಯಿಂದ ಹತ್ತು ನಿಮಿಷದ ದಾರಿ, ಇಷ್ಟು ದಿನ ಊಟಕ್ಕೆ ಬಂದವಳಲ್ಲ.

"ಇಲ್ಲೇ ಉಣ್ತೀನಿ ಇನ್ನು," ಎಂದಳು.

ಬೇಹುಗಾರಿಕೆ. ನೇರವಾಗಿ ಕೇಳಿದೆ, "ನನ್ನ ಮೇಲೆ ಕಣ್ಣಿಡೋಕೆ ಬಂದ್ಯಾ?"

"ಹೂಂ," ಎಂದಳು. ಕ್ಯಾರೆಟ್ ತುರಿಯುತ್ತಾ ಕೂತಳು. ಹಸಿ ಕ್ಯಾರೆಟ್ಟನ್ನು ಸಣ್ಣಗೆ ತುರಿದು ನನ್ನ ತಟ್ಟೆಗೆ ಹಾಕಿದಳು. ತಾನು ಮಾತ್ರ ಉದ್ದನೆಯ ತುಂಡನ್ನು ಕಟಕಟ ಕಡಿದಳು. ಇರುವೆ ಅವಳ ಬಾಯಿಯನ್ನೂ ನನ್ನ ಬಾಯಿಯನ್ನೂ ತಲೆ ತಿರುಗಿಸಿ ತಿರುಗಿಸಿ ನೋಡಿತು. ಟೆನಿಸ್ ಆಟ ನೋಡುವವರ ಹಾಗೆ.

ತುರಿ ನುಂಗಬಹುದು. ತಟ್ಟೆಯ ಅಂಚು ಖಾಲಿ ಇತ್ತು, ನನ್ನದು. ಇರುವೆ ಎರಡೇ ಬಟಾಣಿ ಅಂಚಿಗೆ ಇಟ್ಟಿತು. ಎದುರಿಗೆ ನೋಡಿತು. ಒಂದನ್ನು ವಾಪಸು ಬಾಯಿಗೆ ಹಾಕಿಕೊಂಡಿತು.

ಹೊಸ ಔಷಧಿ ಏನಾದರೂ ಕುಡಿಸಿದ್ದಾಳೆಯೇ ಎಂದು ಅಲಮಾರಿ ನೋಡಿದೆ. ಏನೂ ಇಲ್ಲ.

ತಾರೀಖು 20, ಶುಕ್ರವಾರ

ನಾಲ್ಕು ದಿನದಿಂದ ದಿನವೂ ಬರುತ್ತಿದ್ದಾಳೆ. ಒಂದು ಗಂಟೆಗೆ ಗಂಟೆ ಬಾರಿಸದಿದ್ದರೆ ಇರುವೆ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತದೆ. ಇವತ್ತು ಹದಿನೈದು ನಿಮಿಷ ತಡ. ಬಸ್ಸೇನಾದರೂ ತಾಗಿತೇ ಎಂದು ಬಾಲ್ಕನಿಯಿಂದ ಎರಡು ಸಲ ಬಗ್ಗಿ ನೋಡಿದೆ. ಅನ್ನ ತಣ್ಣಗಾಗುತ್ತದಲ್ಲ, ಅದಕ್ಕೆ.

ಅಂಗಡಿಯಲ್ಲಿ ಯಾರೋ ಒಂದೇ ಕೋಟಿನ ಅಳತೆ ಮೂರು ಸಲ ಕೊಟ್ಟು ಮೂರು ಸಲವೂ ಉಸಿರು ಹಿಡಿದು ನಿಂತರಂತೆ, ಹೊಟ್ಟೆ ಕಾಣಬಾರದೆಂದು. "ನಾಲ್ಕನೇ ಸಲ ಮಾತಾಡಿಸಿದೆ ಅತ್ತೆ. ಉತ್ತರ ಕೊಡೋಕೆ ಉಸಿರು ಬಿಡಲೇಬೇಕಲ್ಲ. ಆಗ ಟೇಪು ಎಳೆದೆ." ಇಷ್ಟು ಉದ್ದದ ಮಾತು ಅವಳ ಬಾಯಿಂದ ನಾನು ಕೇಳಿಯೇ ಇರಲಿಲ್ಲ. ನಕ್ಕೆ. ಅಂಗೈ ಅಡ್ಡ ಹಿಡಿಯುವುದು ಮರೆತುಹೋಯಿತು.

ಬೀನ್ಸನ್ನು ಇವತ್ತು ಅವಳು ಅರ್ಧವೇ ಬೇಯಿಸಿದಳು. ನಾನು ಬೇಯಿಸುವುದನ್ನು ಗಂಜಿ ಎಂದಳು. ಮೂವತ್ತು ವರ್ಷ ಬೀನ್ಸ್ ಮಾರಿದವಳಿಗೆ ಬೀನ್ಸ್ ಬೇಯಿಸಲು ಹೇಳಿಕೊಡುತ್ತಾಳೆ. ಇರುವೆ ಮೂರು ತುಂಡು ತಿಂದಿತು. ಬೀನ್ಸ್ ತಾಜಾ ಇತ್ತು, ಆರಿಸಿದ್ದು ನಾನು.

ತಾರೀಖು 23, ಸೋಮವಾರ

ಹಲ್ಲು ಬಂತು.

ಮನೆಗೆ ಬಂದವಳೇ ಸೌತೆಕಾಯಿ ತೊಳೆದು, ಸಿಪ್ಪೆ ತೆಗೆಯದೆ ಹಾಗೇ ಕಚ್ಚಿದೆ. ಕರುಮ್ ಎಂದಿತು. ನಾಲ್ಕು ತಿಂಗಳಿಂದ ನನ್ನ ತಲೆಯೊಳಗೆ ಆ ಶಬ್ದ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಸೌತೆಕಾಯಿ ಸ್ವಲ್ಪ ಕಹಿ ಇತ್ತು, ಅದಕ್ಕಿರಬೇಕು.

ಇರುವೆ ಆಟ ಬಿಟ್ಟು ಓಡಿ ಬಂತು.

"ಅಜ್ಜಿ, ಏನು ಸದ್ದು?"

"ನನ್ನ ಬಾಯಿದು."

"ನಂಗೂ ಸದ್ದು ಬೇಕು."

ಒಂದು ತುಂಡು ಕೊಟ್ಟೆ. ಕಚ್ಚಿತು. ಕರುಮ್. ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಿತು, ಸದ್ದು ಎಲ್ಲಿಂದ ಬಂತೆಂದು. ಅರ್ಧ ಸೌತೆಕಾಯಿ ಮುಗಿಯುವವರೆಗೆ ಇಬ್ಬರೂ ಎದುರುಬದುರು ಕೂತು ಸದ್ದು ಮಾಡಿದೆವು.

ಎಲ್ಲ ನನ್ನ ಜಾಣತನ. ಗಿರಾಕಿಗೆ ಬೀನ್ಸ್ ಮುರಿದು ಕೇಳಿಸದೆ ನಾನು ಎಂದೂ ಮಾರಿದವಳಲ್ಲ. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ತಾರೀಖು 26, ಗುರುವಾರ

ಅಂಗಡಿ ಆಟ. ಹಳೆಯ ಕೈತಕ್ಕಡಿ ತೆಗೆದೆ. ಒಂದು ತಟ್ಟೆಗೆ ಕಬ್ಬಿಣದ ಕಾಲು ಕಿಲೋ, ಇನ್ನೊಂದಕ್ಕೆ ಕ್ಯಾರೆಟ್ಟು. ಇರುವೆ ಅಂಗಡಿಯವಳು, ನಾನು ಗಿರಾಕಿ.

"ಏನಮ್ಮ, ಚೆನ್ನಾಗಿದೆಯಾ ಕ್ಯಾರೆಟ್ಟು? ನೀನು ಮೊದಲು ತಿಂದು ತೋರಿಸು, ಆಮೇಲೆ ತಗೊಳ್ತೀನಿ."

ತಿಂದು ತೋರಿಸಿತು. ಚೌಕಾಸಿ ಮಾಡಿದೆ, ಇನ್ನೊಂದು ತಿಂದು ತೋರಿಸಿತು. ಮೂರನೆಯದನ್ನು ನನ್ನ ಬಾಯಿಗೆ ತುರುಕಿ, "ನೀನು ಬೇಡ, ಹೋಗು" ಎಂದು ಅಂಗಡಿ ಮುಚ್ಚಿತು. ರಕ್ತ ಎಲ್ಲಿ ಹೋಗುತ್ತದೆ.

ಕುಂಡ ನೋಡಿದೆ. ಹೊಸದಾಗಿ ಯಾರೂ ಏನೂ ಹೂತಿಲ್ಲ. ಗಿಡದಲ್ಲಿ ಮೊಗ್ಗು ಬಂದಿದೆ. ಗೊಬ್ಬರ ಹಾಕಿದವರು ಯಾರೆಂದು ಅದಕ್ಕೇ ಗೊತ್ತು.

ಹೌದು, ಬೆರಳಿನ ಗುರುತು ಪುಟ್ಟದಿತ್ತು. ಅವತ್ತೇ ಬರೆದಿದ್ದೇನೆ.

ತಾರೀಖು 30, ಸೋಮವಾರ

ಇವತ್ತು ತೂಕ. ಮಗನೂ ಬಂದ, ಅರ್ಧ ದಿನ ರಜೆ ಹಾಕಿ. ಬ್ಯಾಗು ತರಲಿಲ್ಲ. ದಾರಿಯುದ್ದಕ್ಕೂ ಇರುವೆ ಅವನ ಹೆಗಲ ಮೇಲೇ ಇತ್ತು.

ಹತ್ತು ಕಿಲೋ ನಾನೂರ ಐವತ್ತು ಗ್ರಾಂ.

ನಾನು "ಬೂಟು" ಎಂದೆ. ಎಲ್ಲರೂ ತಿರುಗಿ ನೋಡಿದರು. ಮಗು ಬೂಟು ಹಾಕಿಕೊಂಡಿದೆ, ಹಾಗೆ ತೂಗುವುದು ಮೋಸ. ಬಿಚ್ಚಿಸಿದೆ. "ಹೋದ ಸಲವೂ ಬೂಟಿನಲ್ಲೇ ತೂಗಿದ್ದೆ ಅಜ್ಜಿ, ಚೀಟಿಯಲ್ಲಿ ಬರೆದಿದೆ," ಎಂದಳು ನರ್ಸ್. ಸರಿ, ಹಾಕಿಸಿದೆ. ಇನ್ನೂರ ಐವತ್ತು ಗ್ರಾಂ ಏರಿದ್ದು ನಿಜ.

ಕಾಲು ಕಿಲೋ. ಅಂಗಡಿಯಲ್ಲಿ ಕಾಲು ಕಿಲೋ ಕೇಳಿದವರಿಗೆ ನಾನು ಮುಖ ತಿರುಗಿಸುತ್ತಿದ್ದೆ. ಅಷ್ಟಕ್ಕೆ ತಕ್ಕಡಿ ಎತ್ತಬೇಕೇ ಎಂದು. ಆ ಗಿರಾಕಿಗಳೆಲ್ಲ ಈಗ ಎಲ್ಲಿದ್ದರೂ ನನ್ನನ್ನು ಕ್ಷಮಿಸಲಿ.

ಮನೆಗೆ ಬಂದ ಮೇಲೆ ಕತ್ತರಿ ಚೀಲದಿಂದ ಬೇಬಿ ಸಿಟ್ಟಿಂಗಿನ ಕಾಗದ ತೆಗೆದಳು. ಹರಿಯಲಿಲ್ಲ. ಅದರ ಹಿಂಭಾಗದಲ್ಲಿ ಚಾಕ್‌ಪೀಸಿನಿಂದ ಅಳತೆ ಗುರುತು ಮಾಡಿ, ಕತ್ತರಿಸಿ, ಇರುವೆಗೆ ಒಂದು ಏಪ್ರನ್ನಿನ ಮಾದರಿ ಮಾಡಿದಳು. ಅಂಗಡಿ ಆಟಕ್ಕಂತೆ.

ಮಗ ಕೇಳಿದ, "ಅದೇನಮ್ಮ, ನಿನ್ನ ಮುಖ ತುಂಬಿಕೊಂಡಿದೆ ಇತ್ತೀಚೆಗೆ?"

"ಕಾಲು ಕಿಲೋ ನಂಗೂ ಏರಿರಬೇಕು," ಎಂದೆ. ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕತ್ತರಿ ಮಾತ್ರ ಒಂದು ಕ್ಷಣ ನಿಂತಿತು.

ಈಗ ನಿನಗೆ. ಹೌದು, ನಿನಗೇ, ಬೆರಳಿಗೆ ನೀಲಿ ಮೆತ್ತಿಕೊಂಡವಳಿಗೆ. ಕಳ್ಳತನದಲ್ಲಿ ಓದಿದ್ದು ತಪ್ಪು, ಅದನ್ನು ನಾನು ಮರೆತಿಲ್ಲ. ನಾಲ್ಕು ತಿಂಗಳು ನಾನು ಅಂಚಿಗೆ ಇಡುತ್ತಿದ್ದೆ, ಕೂಸು ಎದುರಿಗೆ ಕೂತು ನೋಡುತ್ತಿತ್ತು. ಕಲಿಸಿದವರು ಯಾರು ಎಂದು ಮೂರನೇ ತಾರೀಖು ನಾನು ಕೇಳಿದ್ದೆ, ನಿನ್ನ ಹೆಸರನ್ನೂ ಬರೆದಿದ್ದೆ. ಅದನ್ನು ಓದಿಯೂ ನೀನು ಆ ಹೆಸರಿನ ಕೆಳಗೆ ಗೆರೆ ಎಳೆಯಲಿಲ್ಲ. ಬೇರೆ ಎರಡು ಕಡೆ ಎಳೆದು, ಚೀಲ ಹೊತ್ತು, ಕ್ಯಾರೆಟ್ ತುರಿದೆ. ಯಾಕೆ? ನನಗೆ ಒಂದು ಮಾತು ಅಂದುಬಿಡುವುದಕ್ಕೆ ಏನಾಗಿತ್ತು ನಿನಗೆ?

ಪುಸ್ತಕ ಇನ್ನು ಮೇಲೆ ಹಾಸಿಗೆಯ ಕೆಳಗಿರುವುದಿಲ್ಲ. ಅಕ್ಕಿ ಡಬ್ಬಿಯ ಮೇಲೇ ಇಡುತ್ತೇನೆ, ಒಳಗೆ ಪೆನ್ಸಿಲ್ ಇದೆ, ಕೆತ್ತಿದ್ದೇನೆ. ಗೆರೆ ಬೇಡ, ನನಗೆ ಗೆರೆ ಓದಲು ಬರುವುದಿಲ್ಲ. ಅಕ್ಷರದಲ್ಲಿ ಬರೆ, ದೊಡ್ಡದಾಗಿ ಬರೆ. ಮುಂದಿನ ತಿಂಗಳು ಶುರುವಾಗುವುದರೊಳಗೆ ನನಗೆ ಉತ್ತರ ಬೇಕು.

ನಾಳೆಯೇ ಒಂದನೇ ತಾರೀಖು. ಈಗಲೇ ಕೂತು ಬರೆ, ಮಗಳೇ.